ನೀಲಿ ಗಾಡಿಗೆ ಎತ್ತಿದ ಕೈ

ಪ್ಲಮ್ ಫೋರ್ಕ್‌ನಲ್ಲಿ ಎದುರಿಗೆ ಬರುವವನ ಮುಖವನ್ನು ಯಾರೂ ನೋಡುವುದಿಲ್ಲ, ಗಾಡಿಯನ್ನು ನೋಡುತ್ತಾರೆ. ಅಮೆರಿಕದ ನೆಬ್ರಾಸ್ಕಾದ ಆ ಬಯಲಿನಲ್ಲಿ ಬಿಸಿಲು ಗಾಜಿಗೆ ಹೊಡೆದರೆ ಒಳಗೆ ಕೂತದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಗಾಡಿ ಮಾತ್ರ ದೂರದಿಂದಲೇ ಗುರುತು ಸಿಗುತ್ತದೆ. ಗುರುತು ಸಿಕ್ಕಿತೋ, ಸ್ಟೀರಿಂಗ್ ಮೇಲಿದ್ದ ತೋರುಬೆರಳು ತಾನಾಗಿ ಮೇಲೇಳುತ್ತದೆ. ನಮಸ್ಕಾರ ಅಂದರೆ ಅಷ್ಟೇ. ಬೆರಳೆತ್ತದೆ ಯಾರಾದರೂ ಹೋದರೆ, ಅವರ ಮನೆಯಲ್ಲಿ ಏನೋ ಆಗಿರಬೇಕೆಂದು ಸಂಜೆಯೊಳಗೆ ಒಬ್ಬರು ವಿಚಾರಿಸಿಕೊಳ್ಳಲು ಬರುತ್ತಾರೆ.

ಲುಮಿರ್ ವೊಂದ್ರಾ ಬೆರಳೆತ್ತುವವನಲ್ಲ. ಇಡೀ ಕೈಯನ್ನೇ ಎತ್ತುತ್ತಿದ್ದ, ಕಟಕಟೆಯಲ್ಲಿ ಪ್ರಮಾಣ ಮಾಡುವವನ ಹಾಗೆ. ಎದುರಿಗೆ ಗುಂಡಿ ಇರಲಿ, ದನ ಇರಲಿ, ಕೈ ಮೇಲೇ. ಅವನ ಪಿಕಪ್ಪಿಗೆ ದಾರಿ ಗೊತ್ತಿದೆ, ಆದ್ದರಿಂದ ಬದುಕಿದ್ದಾನೆ ಎಂದು ಎಲ್ಡನ್ ಕ್ರೂಸ್ ಛೇಡಿಸುತ್ತಿದ್ದ. ಇಬ್ಬರ ಹೊಲಗಳಿಗೂ ನಡುವೆ ಒಂದೇ ಬೇಲಿ. ಅಕ್ಷರ ಕಲಿತದ್ದು ಒಂದೇ ಬೆಂಚಿನಲ್ಲಿ ಕೂತು. ಬೇಲಿ ಮುರಿದರೆ ಯಾರ ಕಡೆಯದು ಮುರಿದದ್ದು ಎಂಬ ಮಾತು ಅವರ ನಡುವೆ ಒಂದು ದಿನವೂ ಬಂದದ್ದಿಲ್ಲ.

ಲುಮಿರನ ಆ ಪಿಕಪ್ಪು ನೀಲಿ. ಎಡಗಡೆ ಬಾಗಿಲು ಮಾತ್ರ ಬಿಳಿ. ಹಳೆಯ ಬಾಗಿಲನ್ನು ಗೂಳಿಯೊಂದು ಗುದ್ದಿ ನಜ್ಜುಗುಜ್ಜು ಮಾಡಿದ ಮೇಲೆ ಗುಜರಿಯಿಂದ ತಂದು ಜೋಡಿಸಿದ್ದು. ಅದರ ಮೇಲೆ ದೂರದ ಯಾವುದೋ ಊರಿನ ನಲ್ಲಿ ರಿಪೇರಿಯವನ ಹೆಸರು ದಪ್ಪ ಅಕ್ಷರಗಳಲ್ಲಿ ಹಾಗೇ ಉಳಿದಿತ್ತು. ಒಮ್ಮೆ ಹೆದ್ದಾರಿಯ ಹತ್ತಿರ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಅದನ್ನು ಓದಿ ಗಾಡಿಗೆ ಅಡ್ಡ ನಿಂತಳು. ಅಡುಗೆಮನೆಯೆಲ್ಲ ನೀರು ಅಂದಳು. ಲುಮಿರ್ ಇಳಿದು ಹೋಗಿ, ಸಿಂಕಿನ ಕೆಳಗೆ ಮಲಗಿ, ಮಧ್ಯಾಹ್ನವಿಡೀ ಒದ್ದಾಡಿ ಪೈಪು ಸರಿಮಾಡಿ, ಅವಳು ಕೊಟ್ಟ ಕಾಫಿ ಕುಡಿದು, ಹೊರಡುವಾಗ ತಾನು ಆ ಮನುಷ್ಯನಲ್ಲ ಎಂದು ತಿಳಿಸಿದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಎಲ್ಡನ್ ಕೇಳಿದ್ದಕ್ಕೆ, "ನೀರು ಹರೀತಿತ್ತಲ್ಲೋ" ಅಂದ.

ಇಂಥವನು. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತಿದ್ದ, ಉಳಿದ ಹೊತ್ತು ಜೋಳ ಮತ್ತು ದನ. ದಾರಿಯಲ್ಲಿ ಆಮೆ ಕಂಡರೆ ಬಸ್ಸು ನಿಲ್ಲಿಸಿ, ಅದು ಹೊರಟಿದ್ದ ದಿಕ್ಕಿಗೇ ದಾಟಿಸಿ ಬರುತ್ತಿದ್ದ. ಶಾಲೆಗೆ ತಡವಾಗುತ್ತಿತ್ತು. ಮೇಷ್ಟರುಗಳು ಬೈದು ಬೈದು ಸುಮ್ಮನಾದರು.

ಅವನ ಹೆಂಡತಿ ಇರ್ಮಾ ಊರಿನ ಪೋಸ್ಟ್ ಆಫೀಸಿನಲ್ಲಿ ಕಿಟಕಿಯ ಹಿಂದೆ ಕೂರುವವಳು. ಮಕ್ಕಳನ್ನು ಶಾಲೆಗೆ ಇಳಿಸಿ, ಬಸ್ಸನ್ನು ಅಲ್ಲೇ ಬಿಟ್ಟು, ಲುಮಿರ್ ಪಿಕಪ್ಪಿನಲ್ಲಿ ಮನೆಗೆ ಮರಳುವ ಹೊತ್ತಿಗೆ ಅವಳ ಕಾರು ಊರ ಕಡೆ ಹೊರಟಿರುತ್ತಿತ್ತು. ಹಳ್ಳದ ಸೇತುವೆಯ ಹತ್ತಿರ ಇಬ್ಬರೂ ಎದುರಾಗುತ್ತಿದ್ದರು. ಅಂದು ಬೆಳಿಗ್ಗೆಯಷ್ಟೇ ಒಂದೇ ಮೇಜಿನಲ್ಲಿ ತಿಂಡಿ ತಿಂದು ಎದ್ದ ಗಂಡಹೆಂಡಿರು. ಆದರೂ ಲುಮಿರನ ಕೈ ಗಾಜಿನಷ್ಟೆತ್ತರ ಏಳುತ್ತಿತ್ತು, ಬಹಳ ವರ್ಷದ ಮೇಲೆ ಕಂಡವಳಿಗೆ ಎತ್ತುವ ಹಾಗೆ. ಇರ್ಮಾ ಮಾತ್ರ ಮುಖ ಗಂಟಿಕ್ಕಿಕೊಂಡು ನೇರ ನೋಡುತ್ತ ಹೋಗುತ್ತಿದ್ದಳು. ಸೇತುವೆ ಕಿರಿದು, ಸ್ಟೀರಿಂಗ್ ಬಿಡಬೇಡ ಎಂದು ಅವಳು ಹೇಳಿದ್ದಕ್ಕೆ ಲೆಕ್ಕವಿರಲಿಲ್ಲ.

ಹೋದ ಫೆಬ್ರುವರಿಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದವನು ಹುಲ್ಲಿನ ಮೇಲೇ ಕೂತ, ಮತ್ತೆ ಏಳಲಿಲ್ಲ. ಬೇಲಿ ಹಾರಿ ಓಡಿದವನು ಎಲ್ಡನ್. ದನಗಳು ಲುಮಿರನ ಸುತ್ತ ನಿಂತು ಏನೂ ಆಗದವುಗಳ ಹಾಗೆ ಮೇಯುತ್ತಿದ್ದವು. ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆ ಊರೇ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಗಸಗಸೆ ತುಂಬಿದ ಕೊಲಾಚೆ ಬನ್ನು ತಿಂದು, ಆಮೆಯ ಕಥೆ, ನಲ್ಲಿಯ ಕಥೆ ಹೇಳಿಕೊಂಡು ನಕ್ಕಿತು. ಎಲ್ಡನ್ ಕೂಡ ನಕ್ಕ. ಅಳು ಬಂದದ್ದು ಏಪ್ರಿಲ್‌ನಲ್ಲಿ, ಬೇಲಿಯ ತಂತಿಯನ್ನು ಒಬ್ಬನೇ ಬಿಗಿಯುವಾಗ. ಆ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ಎಳೆಯಬೇಕು, ಒಬ್ಬ ಮೊಳೆ ಹೊಡೆಯಬೇಕು.

ಅಕ್ಟೋಬರಿನಲ್ಲಿ, ಜೋಳದ ಕೊಯ್ಲು ಮೈಮೇಲೆ ಬಂದಾಗ, ಎಲ್ಡನ್‌ನ ಸ್ವಂತ ಪಿಕಪ್ಪಿನ ಎಂಜಿನ್ ಕೈಕೊಟ್ಟಿತು. ವಿಷಯ ಕಿವಿಗೆ ಬಿದ್ದ ಕೂಡಲೇ ಇರ್ಮಾ ಫೋನ್ ಮಾಡಿ, ಶೆಡ್ಡಿನಲ್ಲಿರುವ ಲುಮಿರನದನ್ನು ನೀನೇ ಇಟ್ಟುಕೋ, ಗೇರ್ ಹಾಕಿ ಓಡಿಸುವ ಗಾಡಿ ನನಗೆ ಬರುವುದಿಲ್ಲ ಅಂದಳು. ಬೀಗದ ಕೈ ಅದರಲ್ಲೇ ಇತ್ತು. ಆ ಊರಿನಲ್ಲಿ ಯಾವ ಗಾಡಿಯ ಬೀಗದ ಕೈಯೂ ಬೇರೆಲ್ಲೂ ಇರುವುದಿಲ್ಲ. ಸೀಟಿನಲ್ಲಿ ಲುಮಿರ್ ಕೂತು ಕೂತು ಆಗಿದ್ದ ತಗ್ಗು ಎಲ್ಡನ್‌ಗೆ ಸ್ವಲ್ಪ ದೊಡ್ಡದಾಯಿತು.

ಮೊದಲ ದಿನ ಧಾನ್ಯದ ಗೋದಾಮಿನ ದಾರಿಯಲ್ಲಿ ಎದುರಾದ ಪ್ರತಿಯೊಬ್ಬರ ಕೈಯೂ ಮೇಲೆದ್ದಿತು. ಬೆರಳಲ್ಲ, ಇಡೀ ಕೈ. ಲುಮಿರನಿಗೆ ಎಲ್ಲರೂ ಅವನ ರೀತಿಯಲ್ಲೇ ಉತ್ತರ ಕೊಟ್ಟು ರೂಢಿ. ಕೈ ಮೇಲೇರಿ, ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ನೆನಪಾಗಿ ಕೆಳಗೆ ಬೀಳುತ್ತಿತ್ತು. ಆ ಬೀಳುವ ಕೈಯನ್ನು ನೋಡಲು ಎಲ್ಡನ್‌ಗೆ ಆಗುತ್ತಿರಲಿಲ್ಲ. ಆದರೆ ಅದು ಏರಿ ನಿಂತ ಗಳಿಗೆಯಲ್ಲಿ ಲುಮಿರ್ ಸತ್ತಿರಲಿಲ್ಲ. ಎದುರಿನವನ ಪಾಲಿಗೆ ಅವನು ಜೋಳ ಹೇರಿಕೊಂಡು ಊರಿಗೆ ಬರುತ್ತಿದ್ದ. ಆ ಒಂದು ಗಳಿಗೆಗಾಗಿ ಎಲ್ಡನ್ ಕೆಲಸವಿಲ್ಲದಿದ್ದರೂ ಊರಿಗೆ ಹೋಗತೊಡಗಿದ. ಒಂದು ದಿನ ತನ್ನ ಕೈಯೂ ಲುಮಿರನ ಕೈಯ ಹಾಗೆ ಪೂರಾ ಎದ್ದದ್ದನ್ನು ಕಂಡು ಬೆಚ್ಚಿಬಿದ್ದ.

ಗೋದಾಮಿನಲ್ಲಿ ಮುದುಕ ಮಿಲೋ ಸೆಡ್ಲಾಚೆಕ್ ಅವನನ್ನು ತಡೆದು ನಿಲ್ಲಿಸಿದ. ಮಿಲೋ ಯಾರಿಗೂ ಮೆತ್ತಗೆ ಮಾತಾಡಿದವನಲ್ಲ.

"ಲೇ ಎಲ್ಡನ್, ನಿನ್ನೆ ಎತ್ತಿದ ಕೈನ ಎಲ್ಲಿ ಇಟ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ ನಂಗೆ. ಮನೆಗೆ ಹೋದ್ಮೇಲೂ ಗೊತ್ತಾಗ್ಲಿಲ್ಲ. ಆ ಗಾಡಿಗೆ ಬೇರೆ ಬಣ್ಣ ಹೊಡಿ, ಇಲ್ಲಾ ಶೆಡ್ಡಲ್ಲಿ ನಿಲ್ಸು. ನಮಗೇ ಹಿಂಗಾದ್ರೆ, ಇರ್ಮಾ ಸೇತುವೆ ಹತ್ರ ಎದುರಾದ್ರೆ ಏನೋ ಗತಿ?"

ಎಲ್ಡನ್‌ಗೆ ಇದ್ದ ಹೆದರಿಕೆಯೂ ಅದೇ. ಅವನು ಅದಾಗಲೇ ಸೇತುವೆಯನ್ನು ಬಿಟ್ಟು ಉತ್ತರದ ಜಲ್ಲಿ ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಮಿಲೋನ ಮಾತಿನ ಮೇಲೆ ಅಂಗಡಿಗೆ ಹೋಗಿ, ಟ್ರಾಕ್ಟರಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿಗಳನ್ನು ತಂದು ಕೊಟ್ಟಿಗೆಯಲ್ಲಿಟ್ಟ. ಇಟ್ಟ ಮೇಲೆ ಮುಚ್ಚಳ ತೆರೆಯಲಿಲ್ಲ. ಇವತ್ತು ಗಾಳಿ ಜಾಸ್ತಿ ಎಂದುಕೊಂಡ, ಬೆಳಗಾದ ಮೇಲೆ ಧೂಳು ಜಾಸ್ತಿ ಎಂದುಕೊಂಡ.

ಪ್ಲಮ್ ಫೋರ್ಕ್‌ನಲ್ಲಿ ಬಣ್ಣ ಕೊಂಡ ಸುದ್ದಿ ಡಬ್ಬಿ ತೆರೆಯುವ ಮುಂಚೆಯೇ ಪೋಸ್ಟ್ ಆಫೀಸಿನ ಕಿಟಕಿ ತಲುಪುತ್ತದೆ. ಮಾರನೆಯ ಸಂಜೆ ಇರ್ಮಾ ಫೋನ್ ಮಾಡಿದಳು.

"ಎಲ್ಡನ್, ನಿನ್ನ ಹೊಲ ಉತ್ತರಕ್ಕೆ ಸರಿದಿದ್ದು ಯಾವಾಗ?"

ಅದಕ್ಕೆ ಎಲ್ಡನ್ ಬಣ್ಣ ತಂದಿರುವುದಾಗಿ ಹೇಳಿದ. ಆ ಕಡೆಯಿಂದ ಅವಳು, ಹೊಡಿ, ಊರವರು ಹೇಳುವುದೂ ಸರಿಯೇ ಅಂದಳು.

"ಆದ್ರೆ ಅದಕ್ಕೆ ಮುಂಚೆ ಒಂದ್ಸಲ ಸೇತುವೆ ಮೇಲೆ ಬಾ. ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡೋ ಹೊತ್ತಿಗೆ, ಊರ ಕಡೆಯಿಂದ."

"ಇರ್ಮಾ, ನಾನು ಅವನಲ್ಲ."

"ಗೊತ್ತು ಕಣೋ. ನಿನ್ನ ತಲೇಲಿ ಇನ್ನೂ ಕೂದಲಿದೆ." ಅವಳು ನಕ್ಕಳು, ಆದರೆ ನಗು ಪೂರ್ತಿಯಾಗಲಿಲ್ಲ. "ಅಷ್ಟು ವರ್ಷ ದಿನಾ ಕೈ ಎತ್ತಿದ. ನಾನು ಒಂದು ದಿನಾನೂ ವಾಪಸ್ ಎತ್ತಲಿಲ್ಲ. ಎತ್ತಿದ್ರೆ ಎರಡೂ ಕೈ ಬಿಡ್ತಾನೆ ಅಂತ. ಒಂದ್ಸಲ ಎತ್ತಬೇಕು ನಾನು. ಗಾಡಿಗಾದ್ರೂ."

ಬೆಳಿಗ್ಗೆ ಎಲ್ಡನ್ ಊರಿನ ಕೊನೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದ. ತಾನೇನು ಮಾಡಬೇಕು ಎಂಬುದೇ ಅವನಿಗೆ ಚಿಂತೆ. ಲುಮಿರನ ಹಾಗೆ ಕೈ ಎತ್ತಿದರೆ ವೇಷ ಹಾಕಿದಂತೆ. ತನ್ನ ಹಾಗೆ ಒಂದು ಬೆರಳೆತ್ತಿದರೆ ಅವಳು ಕೇಳಿದ್ದನ್ನು ಕೆಡಿಸಿದಂತೆ. ಎತ್ತದೇ ಹೋಗೋಣವೆಂದರೆ, ಎದುರಿಗೆ ಬಂದವರಿಗೆ ಬೆರಳೆತ್ತದೆ ಹೋದ ದಿನ ಅವನ ಬಾಳಿನಲ್ಲೇ ಇರಲಿಲ್ಲ. ತೀರ್ಮಾನವಾಗುವ ಮೊದಲೇ ಹೊತ್ತಾಗಿತ್ತು. ಹೊರಟ.

ಸೇತುವೆಯ ಆಚೆ ಅವಳ ಕಾರು ಕಾಣಿಸಿತು. ಸೂರ್ಯ ಪಿಕಪ್ಪಿನ ಗಾಜಿಗೆ ನೇರವಾಗಿ ಹೊಡೆಯುತ್ತಿದ್ದ. ಒಳಗೆ ಯಾರಿದ್ದಾರೆಂದು ಅವಳಿಗೆ ಕಾಣುವ ಹಾಗಿರಲಿಲ್ಲ. ಇರ್ಮಾಳ ಕೈ ದೂರದಿಂದಲೇ ಎದ್ದಿತು. ಬೆರಳುಗಳೆಲ್ಲ ಬಿಡಿಸಿಕೊಂಡು, ಭುಜಕ್ಕಿಂತ ಮೇಲೆ. ಎದ್ದ ಕೈ ಕೆಳಗೆ ಬೀಳಲಿಲ್ಲ. ಸೇತುವೆಯ ಹಲಗೆಗಳು ಸದ್ದು ಮಾಡುವಷ್ಟು ಹೊತ್ತೂ, ಬಾಗಿಲಿಗೆ ಬಾಗಿಲು ಒರೆಸಿಕೊಂಡಂತೆ ಗಾಡಿಗಳು ದಾಟುವಷ್ಟು ಹೊತ್ತೂ, ಅದು ಹಾಗೇ ಇತ್ತು. ಎಲ್ಡನ್ ಎರಡೂ ಕೈಗಳಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡ. ಬೆರಳು ಏಳಲು ನೋಡಿತು, ಬಿಡಲಿಲ್ಲ.

ದಾಟಿದ ಮೇಲೆ ಕನ್ನಡಿಯಲ್ಲಿ ಅವಳ ಕಾರು ನಿಂತದ್ದು ಕಂಡಿತು. ಅವನೂ ನಿಲ್ಲಿಸಿ, ಹಿಂದಕ್ಕೆ ಬಂದು, ಕಿಟಕಿಗೆ ಕಿಟಕಿ ಸೇರಿಸಿದ. ಅವಳು ಮೂಗೊರೆಸಿಕೊಳ್ಳುತ್ತಿದ್ದಳು.

"ಯಾಕೋ, ನೀನು ಕೈ ಎತ್ತಲಿಲ್ಲ?"

"ನೀನೆತ್ತಿದ ಕೈ ನಂಗೆ ಬಂದಿದ್ದಲ್ಲ, ಇರ್ಮಾ."

ಅವಳು ಅವನ ತೋಳಿನ ಮೇಲೆ ಕೈಯಿಟ್ಟಳು. ಹೊತ್ತಾಯಿತು, ಮಿಲೋ ಟಪಾಲಿಗಾಗಿ ಬಾಗಿಲಲ್ಲಿ ನಿಂತು ಬೈಯುತ್ತಿರುತ್ತಾನೆ ಎಂದು ಹೇಳಿ ಹೊರಟುಹೋದಳು.

ಅಂದು ಗಾಳಿಯಿರಲಿಲ್ಲ. ಎಲ್ಡನ್ ಮಧ್ಯಾಹ್ನವಿಡೀ ಬಣ್ಣ ಬಳಿದ, ಬಿಳಿ ಬಾಗಿಲಿನ ಹೆಸರಿನ ಮೇಲೂ. ಒಣಗಿದ ಮೇಲೆ ಗಾಡಿಯನ್ನು ರಸ್ತೆಗಿಳಿಸಿದ. ಎದುರಿಗೆ ಬಂದವರು, ಬಣ್ಣದ ಸುದ್ದಿ ಕೇಳಿದ್ದವರೂ, ಕೆಂಪು ಪಿಕಪ್ಪನ್ನು ಯಾರೋ ಪರವೂರಿನವರದ್ದೆಂದು ನೋಡುತ್ತ ಹೋದರು. ಒಂದು ಕೈಯೂ ಏಳಲಿಲ್ಲ, ಒಂದು ಕೈಯೂ ಬೀಳಲಿಲ್ಲ. ಫೆಬ್ರುವರಿಯಿಂದ ಎಲ್ಲರೂ ಹೇಳುತ್ತಿದ್ದದ್ದು ಅವನಿಗೆ ಆ ರಸ್ತೆಯಲ್ಲಿ ಅರ್ಥವಾಯಿತು: ಲುಮಿರ್ ಇಲ್ಲ. ಗೋದಾಮಿನ ತಿರುವಿನಲ್ಲಿ ಇನ್ನೊಂದು ಗಾಡಿ ಬಂತು. ಅದರೊಳಗಿದ್ದವನು ಗುರುತು ಹಿಡಿಯಲಿ ಬಿಡಲಿ ಎಂದು, ಎಲ್ಡನ್ ತಾನೇ ಮೊದಲು ಒಂದು ಬೆರಳೆತ್ತಿದ.