ಪೂಜೆಗೆ ಮೊದಲಿನ ಅರ್ಧ ತಾಸು

ಬಸವ ಜಯಂತಿಯ ಮರುದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ, ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯ ಬಾಗಿಲ ಎಡಕ್ಕೆ ನಾನು ನಿಂತಿದ್ದೆ. ಎದುರಿನ ಗೋಡೆಗೆ ಒರಗಿ ವೈನಿ ಕುಳಿತಿದ್ದಳು, ನನ್ನ ಅಣ್ಣನ ಹೆಂಡತಿ. ಹೊರಗೆ ನಾಯಿಗಳೂ ನೆರಳು ಬಿಟ್ಟು ಕದಲದಂಥ ಬಿಸಿಲು. ಆಕೆ ಉಣ್ಣೆಯ ಶಾಲು ಹೊದ್ದಿದ್ದಳು. ಹುಬ್ಬುಗಳ ಹೊರತುದಿಯ ಕೂದಲು ಉದುರಿತ್ತು, ರೆಪ್ಪೆಗಳು ಊದಿದ್ದವು. ದನಿ ಗಂಡಸಿನ ದನಿಯಂತೆ ಗಡುಸಾಗಿತ್ತು.

ಮದುವೆಯಾಗಿ ಬಂದಾಗ ಆಕೆ ಹಾಗಿರಲಿಲ್ಲ. ಮೂರನೆಯ ವರ್ಷದಿಂದ ನಿಧಾನವಾದಳು. ಕರೆದರೆ ತಡವಾಗಿ ಓಗೊಡುತ್ತಿದ್ದಳು, ರೊಟ್ಟಿ ಬಡಿಯುತ್ತ ನಡುವೆ ಸುಮ್ಮನೆ ಕೂತುಬಿಡುತ್ತಿದ್ದಳು. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು, ಬಂದರೆ ನಿಲ್ಲುತ್ತಿರಲಿಲ್ಲ. ಮನೆಯವರು ಮೈಗಳ್ಳಿ ಎಂದರು. ಅಣ್ಣ ಶಾಲು ನೋಡಿ ನಕ್ಕರೆ ಆಕೆಯೂ ನಗುತ್ತಿದ್ದಳು: “ಮಾವಿನಕಾಯಿ ಹಂಗ ನನ್ನೂ ಹುಲ್ಲಾಗ ಮುಚ್ಚಿಡ್ರಿ. ಯಾವಾಗರ ಹಣ್ಣಾಗ್ತೇನಿ.”

ಕೊಪ್ಪಳಕ್ಕೆ ಆಕೆಯನ್ನು ಕರೆದುಕೊಂಡು ಹೋದವನು ನಾನು. ರಕ್ತ ಪರೀಕ್ಷೆಯ ನಂತರ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತಿದೆ. ಅದನ್ನು ಎಬ್ಬಿಸಲು ಮೆದುಳು ಹಾರ್ಮೋನಿನ ಮೂಲಕ ಜೋರಾಗಿ ಹೇಳಿಕಳಿಸುತ್ತಲೇ ಇದೆ. ಆ ಗದ್ದಲದಲ್ಲಿ ಅಂಡಾಶಯಕ್ಕೆ ತಲುಪಬೇಕಾದ ಮಾತು ಕೆಡುತ್ತದೆ; ಅಂಡ ಹೊರಬರುವುದಿಲ್ಲ. “ಎದ್ದ ಕೂಡಲೇ, ಖಾಲಿ ಹೊಟ್ಟೀಲೆ, ಬರೀ ನೀರಿನ ಜೋಡಿ ಗುಳಿಗಿ ತಗೋ. ಆಮ್ಯಾಲೆ ಅರ್ಧ ತಾಸು ಚಾನೂ ಬ್ಯಾಡ.”

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸುವವರೆಗೆ ಹನಿ ನೀರೂ ಗಂಟಲಿಗಿಳಿಯುವಂತಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಾನು ಅವ್ವನಿಗೆ ಹೇಳಿದೆ.

“ಲಿಂಗಕ್ಕ ನೀರು ಹಾಕದ ತಾನು ಕುಡೀತಾಳಂತ? ಡಾಕ್ಟರಮ್ಮ ಬಂದು ನಮ್ಮನಿ ಪೂಜಿ ಮಾಡ್ತಾಳೇನು?”

ಅವ್ವ ಕೆಟ್ಟವಳಲ್ಲ. ಗುಳಿಗೆ ಉಷ್ಣ ಎಂದು ತಿಳಿದು, ಪೂಜೆಯಾದ ಮೇಲೆ ತಾನೇ ಅದನ್ನು ಪುಡಿ ಮಾಡಿ, ಗಟ್ಟಿ ಹಾಲಿನಲ್ಲಿ ಕಲಸಿ, ರೊಟ್ಟಿ ತಿಂದ ಮೇಲೆ ಕುಡಿಸುತ್ತಿದ್ದಳು. ವೈನಿಯೂ ದೈವಭಕ್ತೆ. ಎದುರಾಡಲಿಲ್ಲ. ಒಂದು ವರ್ಷ ಹೀಗೇ ನಡೆಯಿತು. ಮತ್ತೆ ರಕ್ತ ನೋಡಿದಾಗ ಹೆಚ್ಚು ಬದಲಾವಣೆ ಇರಲಿಲ್ಲ. ಹೇಗೆ ತಗೊಂಡೆ ಎಂದು ಕೇಳಿದ ಡಾಕ್ಟರಮ್ಮ ಹಣೆ ಹಿಡಿದುಕೊಂಡರು: “ಹಾಲೇ ಅದನ್ನ ಹಿಡಕೊಂಡ್ರ ರಕ್ತಕ್ಕ ಹೋಗೂದರ ಹೆಂಗವ್ವಾ?”

ಅಷ್ಟರಲ್ಲಿ, ಮಕ್ಕಳಾಗಲಿಲ್ಲವೆಂದು, ಅಣ್ಣನಿಗೆ ಕುಷ್ಟಗಿಯ ಕಡೆಯ ಹುಡುಗಿಯೊಂದನ್ನು ನೋಡಿಯಾಗಿತ್ತು. ಅಂದು ಪಡಸಾಲೆಯಲ್ಲಿ ಸೇರಿದ್ದು ಅದಕ್ಕೇ.

ದೊಡ್ಡಪ್ಪ ಕೇಳಿದರು: “ವರ್ಷಗಟ್ಲೆ ಗುಳಿಗಿ ನುಂಗೀದಿ. ಏನ್ ಉಪಯೋಗ ಆತವ್ವ?”

ವೈನಿ ಉತ್ತರಿಸಲು ತಡ ಮಾಡಿದಳು. ಅದು ಆಕೆಯ ರೋಗ. ಅವರಿಗೆ ಅದು ಸೊಕ್ಕಾಗಿ ಕಂಡಿತು.

“ಮೂರು ತಿಂಗಳ ಕೊಡ್ರಿ,” ಎಂದಳು ಕೊನೆಗೆ. “ಪೂಜಿಗಿಂತ ಅರ್ಧ ತಾಸು ಮೊದಲ ನೀರಿನ ಜೋಡಿ ತಗೊಂಡು ನೋಡ್ತೇನಿ. ಆಗಲಿಲ್ಲಂದ್ರ ನಾನಾ ಎದ್ದು ಹೋಗ್ತೇನಿ.”

ಅಣ್ಣ ಮೊಬೈಲ್ ನೋಡುತ್ತಿದ್ದ. ಪಾತ್ರೆ ಮರಳಿಸಲು ಬಂದಿದ್ದ ಪಕ್ಕದ ಮನೆಯ ಚಾಚಿ ಅಡುಗೆಮನೆಯ ಬಾಗಿಲಿನಿಂದಲೇ ಅಂದಳು: “ಬೀಮಾರಿ ಇದ್ದವ್ರಿಗೆ ನಮ್ಮಾಗ ರಂಜಾನ್ ರೋಜಾನೂ ಮಾಫ್ ಐತ್ರಿ ಅಕ್ಕಾ. ದೇವ್ರೇನು ಅಷ್ಟು ತಿಳಿಯದಾಂವ ಏನ್ರಿ?”

“ನಿಮ್ಮದು ನಿಮಗ, ನಮ್ಮದು ನಮಗ,” ಎಂದಳು ಅವ್ವ.

ದೊಡ್ಡಪ್ಪ ಚಾಪೆಯಿಂದ ಎದ್ದರು. ಅಲ್ಲಿಗೆ ಮುಗಿಯಿತು. ವೈನಿ ಕುಕನೂರಿನ ತವರಿಗೆ ಹೋದಳು. ಸೋಡಚೀಟಿ ಬರೆಸಿ ಸಂಬಂಧ ಕಡಿದುಕೊಂಡರು. ಅಣ್ಣನ ಎರಡನೆಯ ಮದುವೆಯಾಯಿತು, ಎರಡು ಮಕ್ಕಳಾದವು. ಆದ್ದರಿಂದ ತಾನು ಮಾಡಿದ್ದು ಸರಿಯೆಂದು ನಮ್ಮ ಮನೆ ನಂಬಿಕೊಂಡಿತು.

ಮುಂದೊಮ್ಮೆ ಕುಕನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ತಮ್ಮಾ” ಎಂದು ಕರೆದರು. ದನಿ ಗುರುತು ಸಿಗಲಿಲ್ಲ, ಅಷ್ಟು ತಿಳಿಯಾಗಿತ್ತು. ವೈನಿ ಸರಸರ ನಡೆದು ಬಂದಳು. ತೆಳು ಸೀರೆ, ಬೆವರಿದ ಹಣೆ. ತವರಿನಲ್ಲಿ ಆಕೆಯ ತಾಯಿ “ಲಿಂಗ ಅರ್ಧ ತಾಸು ಕಾಯತೈತಿ ಬಿಡು” ಎಂದಳಂತೆ. ಕೆಲವೇ ತಿಂಗಳಲ್ಲಿ ಮುಟ್ಟು ಸರಿಯಾಯಿತಂತೆ. ಇದನ್ನು ನನ್ನ ಮುಂದೆ ನಾಚದೆ ಹೇಳಿದಳು.

“ಅರ್ಧ ತಾಸು ಕೇಳಿದ್ದೆ ತಮ್ಮಾ,” ಎಂದಳು. “ನಿಮ್ಮ ಹೊಲ ಕೇಳಿದ್ನೇನು?”

ನನ್ನ ಹೆಂಡತಿ ಬಸುರಿಯಾದಾಗ ತಾನಾಗಿ ಫೋನ್ ಮಾಡಿ ಥೈರಾಯ್ಡ್ ನೋಡಿಸಲು ಹೇಳಿದವಳು ಆಕೆಯೇ. ಕೊರತೆ ಇತ್ತು. ಗುಳಿಗೆ ಶುರುವಾಯಿತು. ಮಗಳು ಹುಟ್ಟಿದ ಸುದ್ದಿ ತಿಳಿಸಿದಾಗ ಆಕೆ ಬಣ್ಣ ಕೇಳಲಿಲ್ಲ, ತೂಕ ಕೇಳಲಿಲ್ಲ. “ಕೂಸಿನ ಹಿಮ್ಮಡ ಚುಚ್ಚಿ ಥೈರಾಯ್ಡಿಗೆ ರಕ್ತ ನೋಡ್ಯಾರಿಲ್ಲೋ? ಮದಲ ಅದನ್ನ ಕೇಳು ಹೋಗು,” ಎಂದು ಫೋನ್ ಇಟ್ಟಳು. ನಾನು ಹೋಗಿ ಕೇಳಿದೆ. ನನ್ನ ಮಗಳು ಆರೋಗ್ಯವಾಗಿದ್ದಾಳೆ.

ಆ ದಿನ ಪಡಸಾಲೆಯಲ್ಲಿದ್ದವರಲ್ಲಿ ದೊಡ್ಡಪ್ಪ ತೀರಿಕೊಂಡಿದ್ದಾರೆ. ಅಣ್ಣ ಇದ್ದಾನೆ, ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ಅವ್ವ ಇದ್ದಾಳೆ, “ಆಕಿ ಹಣ್ಯಾಗ ಮಕ್ಕಳಿರಲಿಲ್ಲ” ಎಂದು ಈಗಲೂ ಹೇಳುತ್ತಾಳೆ. ಚಾಚಿ ಇದ್ದಾಳೆ, ಅಂದು ಯಾರು ಏನು ಅಂದರು ಎಂಬುದು ಆಕೆಗೆ ಪೂರ್ತಿ ನೆನಪಿದೆ. ವೈನಿ ಇದ್ದಾಳೆ, ಕುಕನೂರಿನಲ್ಲಿ.