ಮಸ್ಟರಿನಲ್ಲಿ ನಾನಿಟ್ಟ ಹೆಸರು

ಅಣ್ಣನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಸಿಟ್ಟು ಮಾಡಿಕೊಂಡಂತೆ ದೂರ ನಿಂತಿತ್ತು. ಒಂಟಿ ಬಿದಿರಿನ ಏಣಿಯ ಗೆಣ್ಣುಗಳನ್ನು ಬೆರಳಲ್ಲೇ ಹಿಡಿದು, ಸಿಲ್ವರ್ ಓಕ್ ಮರಗಳ ತುದಿಯವರೆಗೂ ಏರಿ ಮೆಣಸು ಕೊಯ್ದ ಕಾಲು ಅದು. ನಾನು ಅವರು ದುಡಿಯುತ್ತಿದ್ದ ಎಸ್ಟೇಟಿನ ಜೀಪ್ ಡ್ರೈವರ್. ಏಣಿಯ ಎರಡನೇ ಗೆಣ್ಣಿಗೇ ನನಗೆ ಮನೆದೇವರು ನೆನಪಾಗುತ್ತಾನೆ.

ಅಣ್ಣ ಎಂದು ಕರೆಯುತ್ತಿದ್ದೆನೇ ಹೊರತು ಅವರು ಬರ್ಮಾದವರು. ಅಲ್ಲಿ ಸೈನಿಕರು ಊರು ಸುಟ್ಟ ಮೇಲೆ ಗಡಿ ದಾಟಿ, ನಿರಾಶ್ರಿತರ ಕಾರ್ಡ್ ಹಿಡಿದು, ಕೆಲಸ ಹುಡುಕುತ್ತ ಸಂಸೆಯ ಹತ್ತಿರದ ನಮ್ಮ ಎಸ್ಟೇಟಿಗೆ ಬಂದಿದ್ದರು. ಹೆಂಡತಿ, ಮಕ್ಕಳ ಸುದ್ದಿ ಯಾರಾದರೂ ಎತ್ತಿದರೆ "ಮೆಣಸು ಒಣಗಿತಾ ನೋಡಿ" ಎಂದು ಏಳುತ್ತಿದ್ದರು. ಕನ್ನಡ ಕಲಿತದ್ದು ನನ್ನಿಂದ. ಹಾಗಾಗಿ ಒಳ್ಳೆಯ ಮಾತಿಗಿಂತ ಬೈಗುಳ ಮೊದಲು ಬಂತು.

ಮೊದಲ ದಿನ ಮಸ್ಟರಿನಲ್ಲಿ, ಅಂದರೆ ಬೆಳಗಿನ ಹಾಜರಿಯಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೆಸರು ಕೇಳಿದರು. ಅಣ್ಣ ಹೇಳಿದರು. ರೈಟರ್ ಪೆನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದರು. ಹೊರಗಿನಿಂದ ಬಂದವರ ಹೆಸರು ನಾಲಿಗೆಗೆ ಒಗ್ಗದಿದ್ದರೆ ಸುಲಭದ್ದೊಂದು ಇಟ್ಟುಬಿಡುವುದು ನಮ್ಮಲ್ಲಿ ಪದ್ಧತಿ. ನಾನು ಎಸ್ಟೇಟಿನ ಮಾಲೀಕರಾದ ಸಾಹುಕಾರರ ಕೆಮ್ಮು ಕೆಮ್ಮಿ, ಅವರದೇ ದನಿಯಲ್ಲಿ, "ರಾಜನ ಹಾಗೆ ನಿಂತಿದ್ದಾನಲ್ಲ ಮಾರಾಯ, ರಾಜಣ್ಣ ಅಂತ ಬರ್ಕೊ" ಎಂದೆ. ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ನಾಲ್ಕು ವರ್ಷ ಆ ಹೆಸರಿಗೇ ಓಗೊಟ್ಟರು.

ಐದನೇ ಕೊಯ್ಲಿನಲ್ಲಿ ತಪಾಸಣೆಗೆ ಬಂದವರು ಕಾರ್ಡನ್ನೂ ಮಸ್ಟರ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು. ಅದರಲ್ಲೊಂದು ಹೆಸರು, ಇದರಲ್ಲಿ ರಾಜಣ್ಣ. ಸುಳ್ಳು ಹೆಸರಿನಲ್ಲಿ ಅಡಗಿದ್ದಾನೆ ಎಂದು ವಿದೇಶಿಯರನ್ನು ಇಡುವ ಬಂಧನ ಕೇಂದ್ರಕ್ಕೆ ಕರೆದೊಯ್ದರು. ನಾನಾಗ ಜೀಪಿನೊಂದಿಗೆ ಕಳಸದಲ್ಲಿದ್ದೆ. ಇಲ್ಲೇ ಇದ್ದಿದ್ದರೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ಎರಡು ತಿಂಗಳ ಮೇಲೆ ಭೇಟಿಗೆ ಅನುಮತಿ ಸಿಕ್ಕಿ ನಾನೂ ರೈಟರೂ ಹೋದೆವು. ಜಾಲರಿಯ ಆಚೆ ಅಣ್ಣ ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಜೈಲಲ್ಲಾದ್ರೆ ಇಂತಿಷ್ಟು ದಿನ ಅಂತಾರೆ. ಇಲ್ಲಿ ದಿನಕ್ಕೆ ಮೂರು ಸಲ ನಮ್ಮನ್ನ ಎಣಿಸ್ತಾರೆ, ದಿನ ಎಷ್ಟು ಅಂತ ಮಾತ್ರ ಹೇಳಲ್ಲ. ಪಕ್ಕದ ಹಾಸಿಗೆಯವನಿಗೆ ಮಗಳು ಹುಟ್ಟಿದ್ದು ಫೋನಲ್ಲಿ ಗೊತ್ತಾಯ್ತು. ಈಗ ನಡೀತಾಳಂತೆ."

ಅಲ್ಲಿದ್ದ ಬೇರೆಯವರಂತೆ ಅವರ ಮುಂದೆಯೂ ಒಂದು ಕಾಗದ ಬಂದಿತ್ತು: ಹೆಸರು ಮರೆಮಾಚಿದ್ದು ನಿಜ, ಸ್ವಂತ ಇಷ್ಟದಿಂದ ವಾಪಸ್ ಹೋಗುತ್ತೇನೆ. ಸಹಿ ಹಾಕಿದರೆ ಬೇಗ ಹೊರಗೆ. ಹೊರಗೆ ಎಂದರೆ ಆ ಸುಟ್ಟ ಊರಿಗೆ, ಅದೇ ಸೈನಿಕರ ಕೈಗೆ.

"ಹಾಕಿದ್ರಾ ಅಣ್ಣಾ?"

"ಇಷ್ಟ ಇಲ್ಲದ್ದಕ್ಕೆ ಇಷ್ಟ ಅಂತ ಹೆಂಗೆ ಹಾಕ್ಲಿ? ರಾಜಣ್ಣ ಸುಳ್ಳು ಅಂತ ಹೆಂಗೆ ಹೇಳ್ಲಿ ಮಾರಾಯ? ನಾಲ್ಕು ವರ್ಷ ಮರ ಹತ್ತಿದ್ದು ಯಾರು ಹಾಗಾದ್ರೆ?"

"ಹೆಸರಿಟ್ಟಿದ್ದು ನಾನು ಅಂತ ಹೇಳ್ಬಹುದಿತ್ತಲ್ಲ?"

"ನಿನ್ನನ್ನೂ ಒಳಗೆ ಹಾಕಿದ್ರೆ? ದಿನಾ ನಿನ್ನ ಬಾಯಿ ಕೇಳೋರು ಯಾರು ಇಲ್ಲಿ?"

ಅಷ್ಟೆಂದವರೇ, ಎಣಿಸಲು ಬರುವ ಅಧಿಕಾರಿಯ ಹೊಟ್ಟೆ, ನಡಿಗೆ, ಏಳಾದ ಮೇಲೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುವ ಗತ್ತು, ಎಲ್ಲವನ್ನೂ ಮಾಡಿ ತೋರಿಸಿದರು. ಬಾಗಿಲಲ್ಲಿದ್ದ ಕಾವಲುಗಾರ ಗೋಡೆಗೆ ಮುಖ ಮಾಡಿ ನಕ್ಕ. ಇನ್ನೊಬ್ಬರನ್ನು ಅಣಕಿಸುವ ನನ್ನ ಕಸುಬಿನಲ್ಲೇ ನನ್ನನ್ನು ಸೋಲಿಸಿದವರು ಅವರೊಬ್ಬರೇ. ಅದನ್ನು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೇನೆ.

ಹಿಂದಿರುಗಿದ ವಾರವೇ ವಕೀಲರ ಬಳಿ ಹೋಗಿ, ಆ ಹೆಸರನ್ನು ತಮಾಷೆಗೆ ಇಟ್ಟವನು ನಾನು ಎಂದು ಪ್ರಮಾಣಪತ್ರ ಮಾಡಿಸಿದೆ. ಬರೆದವನು ತಾನೆಂದು ರೈಟರೂ ಸಹಿ ಹಾಕಿದರು; ಕೆಲಸ ಹೋದೀತೆಂದು ಗೊತ್ತಿದ್ದೇ ಹಾಕಿದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ "ಅವತ್ತು ಹೇಗೆ ಹೇಳಿದೆಯೋ ಹಾಗೇ ಹೇಳು" ಎಂದರು. ಹಿಂದಿನ ಬೆಂಚಿನಲ್ಲಿ ಸಾಹುಕಾರರೇ ಕೂತಿದ್ದರು. ಕೆಮ್ಮಿನ ಸಮೇತ ಹೇಳಿದೆ. ಯಾರೂ ನಗಲಿಲ್ಲ.

ಹದಿಮೂರನೇ ತಿಂಗಳಲ್ಲಿ ಅಣ್ಣನನ್ನು ಬಿಟ್ಟರು. ಅವರು ಎಸ್ಟೇಟಿಗೆ ಮರಳಲಿಲ್ಲ; ನಿರಾಶ್ರಿತರನ್ನು ಒಪ್ಪಿಕೊಂಡ ಯಾವುದೋ ಚಳಿ ದೇಶಕ್ಕೆ ಹೋದರು. ಆ ಕಾಗದ ಮಾತ್ರ ಕೊನೆವರೆಗೂ ಸಹಿಯಿಲ್ಲದೆ ಉಳಿಯಿತು.

ಈಗ ಹೊಸಬರು ಬಂದರೆ ರೈಟರ್ ನನ್ನನ್ನು ಕರೆಸುತ್ತಾರೆ. ನಾನು ಎದುರಿಗೆ ಕೂತು, ಅವರ ತುಟಿ ನೋಡುತ್ತ, ಅವರ ಹೆಸರು ಅವರ ಹಾಗೇ ನನ್ನ ಬಾಯಲ್ಲಿ ಬರುವ ತನಕ ಹೇಳುತ್ತೇನೆ. ಮೊನ್ನೆ ಬಂದ ಹೆಂಗಸೊಬ್ಬರು ನಾಲ್ಕು ಸಲ ಅಲ್ಲವೆಂದು ತಲೆಯಾಡಿಸಿ, ಐದನೇ ಸಲಕ್ಕೆ "ಹ್ಞಾಂ" ಎಂದರು. ಆಮೇಲೆಯೇ ರೈಟರ್ ಪೆನ್ನು ಊರಿದ್ದು.