ಅಕ್ಕನ ಖಾತೆಯ ಸಂಖ್ಯೆ

ನಾನು ಬ್ಯಾಂಕನ್ನು ಆರಿಸಿದ್ದು ಅಲ್ಲಿನ ಫ್ಯಾನ್ ನೋಡಿ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ದೇಶ ಬಿಡುವವರು ಬ್ಯಾಂಕಿನಲ್ಲಿ ಏನೇನು ನೋಡಬೇಕೆಂದು ನನ್ನ ಹೆಂಡತಿ ಸವಿತಾ ಚೀಟಿಯನ್ನೇ ಬರೆದು ಕೊಟ್ಟಿದ್ದಳು. ಯೂರೋಗೆ ಯಾವ ದರ ಹಾಕುತ್ತಾರೆ, ಕಳಿಸುವುದಕ್ಕೆ ಎಷ್ಟು ಹಿಡಿಯುತ್ತಾರೆ, ಐರ್ಲೆಂಡಿನಿಂದ ಫೋನ್ ಮಾಡಿದರೆ ಇಲ್ಲಿ ಯಾರಾದರೂ ಎತ್ತುತ್ತಾರೆಯೇ. ನಾನು ಹತ್ತಿ ಇಳಿದ ಮೊದಲ ಮೂರು ಬ್ಯಾಂಕುಗಳಲ್ಲಿ ಎಸಿಯ ಚಳಿಗೆ ಕೈಕಟ್ಟಿ ಕುಳಿತಿದ್ದೆ. ನಾಲ್ಕನೆಯದರಲ್ಲಿ ಉದ್ದ ಕೋಲಿನ ಹಳೆಯ ಫ್ಯಾನು ಟಕ್ ಟಕ್ ಎಂದು ತಿರುಗುತ್ತಿತ್ತು. ಅದರ ಕೆಳಗೆ ಕುಳಿತೆ, ಕಣ್ಣು ಹತ್ತಿತು. ನಿದ್ದೆ ಬರುವಷ್ಟು ನಂಬಿಕೆ ಹುಟ್ಟಿಸುವ ಜಾಗಕ್ಕಿಂತ ಹಣ ಇಡಲು ಒಳ್ಳೆಯ ಜಾಗ ಯಾವುದು ಎಂದು ಸವಿತಾಳನ್ನು ಕೇಳಿದೆ.

"ನಿಮ್ಮನ್ನೂ ಅಲ್ಲೇ ಡಿಪಾಸಿಟ್ ಮಾಡಿ ಹೋಗ್ತೀನಿ ಬಿಡಿ," ಎಂದಳು.

ಹೋಗುತ್ತಿರುವುದು ಅವಳು. ವೈಟ್‌ಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್ ಆಗಿದ್ದವಳಿಗೆ ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕಿದೆ. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಂಡಿದ್ದ ನಾನು ಅವಳ ಕಾಗದಗಳ ಪ್ರಕಾರ ಅವಲಂಬಿತ. ಐವತ್ತು ದಾಟಿದ ಮೇಲೆ ಸರ್ಕಾರವೊಂದು ನನ್ನ ಬಗ್ಗೆ ಇಷ್ಟು ಸರಿಯಾಗಿ ಬರೆದಿರುವುದು ಇದೇ ಮೊದಲು.

ಕಳಿಸಬೇಕಾದ ಹಣ ನಮ್ಮೂರು ಹೂಡಿಯ ಜಾಗದ್ದು. ಅಪ್ಪನ ಹೊಲ ಹೋಗಿ, ಆ ಜಾಗದ ಒಂದು ತುಂಡಿನಲ್ಲಿ ಹತ್ತು ರೂಮುಗಳಾಗಿ, ಅವುಗಳಲ್ಲಿ ಕೊಪ್ಪಳ, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬಾಡಿಗೆಗಿದ್ದು, ಈಗ ಅದೂ ಮಾರಾಟವಾಗಿ ಬಂದ ಹಣ. ನನ್ನ ಮುತ್ತಜ್ಜನ ಬ್ಯಾಂಕು ಅದೇ ಹೊಲದ ಅಂಚಿನಲ್ಲಿ ನೆಲದೊಳಗೆ ಇತ್ತಂತೆ. ಹಗೇವು. ಬಾವಿಯಂಥ ಗುಂಡಿಯಲ್ಲಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ತೆಗೆಯುವ ದಿನ ಮಾತ್ರ ಯಾರೂ ತಕ್ಷಣ ಇಳಿಯಬಾರದು. ಒಳಗಿನ ಗಾಳಿ ವಿಷವಾಗಿರುತ್ತದೆ. ದೀಪ ಇಳಿಸಿ ನೋಡಬೇಕು, ಆರಿದರೆ ಕಾಯಬೇಕು. ಇದನ್ನು ನಾನು ಕಣ್ಣಾರೆ ಕಂಡವನ ಹಾಗೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಂಡಿಲ್ಲ. ನಾನು ಹುಟ್ಟುವ ಮೊದಲೇ ಅದು ಮುಚ್ಚಿಹೋಗಿತ್ತು. ಹೇಳಿ ಹೇಳಿ ಆ ದೀಪ ಆರುವುದು ನನಗೆ ಕಾಣತೊಡಗಿತು, ಅಷ್ಟೆ. ಅಂದಿನಿಂದ ನನ್ನ ನೆನಪು ಯಾವುದನ್ನಾದರೂ ಚೆಂದವಾಗಿ ಜೋಡಿಸಿ ಕೊಟ್ಟರೆ ನನಗೆ ಅನುಮಾನ. ಎಲ್ಲಿಂದಲೋ ಏನನ್ನೋ ಕಿತ್ತು ಇಲ್ಲಿ ಹಾಕಿದೆ ಎನ್ನಿಸುತ್ತದೆ.

ಫ್ಯಾನಿನ ಬ್ಯಾಂಕಿನಲ್ಲಿ ನನ್ನ ಕಡತ ನೋಡಿದ ಅಧಿಕಾರಿ ಇಪ್ಪತ್ತೈದರ ಹುಡುಗಿ.

"ಸೋರ್ಸ್ ಆಫ್ ಫಂಡ್ಸ್ ಏನ್ ಸಾರ್?"

"ಹೊಲ."

"ಅಗ್ರಿಕಲ್ಚರಲ್ ಇನ್‌ಕಮ್ಮಾ ಸಾರ್?"

"ಇಲ್ಲಮ್ಮ. ಹೊಲ ಇಲ್ಲದೇ ಹೋದದ್ದರಿಂದ ಬಂದ ಇನ್‌ಕಮ್ಮು."

ಅವಳು ನಗಲಿಲ್ಲ. ಹಣ ಯಾವ ಉದ್ದೇಶಕ್ಕೆ ದೇಶ ಬಿಡುತ್ತಿದೆ ಎಂದು ಹೇಳುವ ಪಟ್ಟಿಯನ್ನು ತಿರುಗಿಸಿ ತೋರಿಸಿದಳು. ಓದು, ಚಿಕಿತ್ಸೆ, ಉಡುಗೊರೆ, ಬಂಧುಗಳ ಪಾಲನೆ, ವಲಸೆ. ಮನುಷ್ಯರು ಹೊರಟುಹೋಗಲು ಇಷ್ಟೇ ಕಾರಣಗಳಿದ್ದರೆ ನನ್ನ ಇತಿಹಾಸದ ಪಾಠ ಅರ್ಧ ಗಂಟೆಗೆ ಮುಗಿಯುತ್ತಿತ್ತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳ ಬೆರಳು ಹಳೆಯದೊಂದು ಪತ್ರದ ಮೇಲೆ ನಿಂತಿತು. ಅದು ನನ್ನ ಅಕ್ಕ ರತ್ನಮ್ಮ ತನ್ನ ಪಾಲನ್ನು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರ.

"ಇವ್ರು ನಿಮ್ಮ ಸಿಸ್ಟರಾ ಸಾರ್? ಇವ್ರಿಗೆ ಎಷ್ಟು ಕೊಟ್ರಿ?"

"ಅದರಲ್ಲೇ ಇದೆಯಲ್ಲ."

"ಪ್ರೀತಿ ವಿಶ್ವಾಸದಿಂದ ಅಂತ ಇದೆ ಸಾರ್. ಅಮೌಂಟ್ ಇಲ್ಲ. ನಮ್ಮ ಅಮ್ಮನ ಪತ್ರದಲ್ಲೂ ಹಿಂಗೇ ಇದೆ," ಎಂದು ಹಾಳೆ ಮಗುಚಿದಳು. ಬ್ಯಾಂಕಿಗೆ ಆ ಉತ್ತರ ಬೇಕಿರಲಿಲ್ಲ. ಅವಳಿಗೂ ಬೇಕಿರಲಿಲ್ಲ. ನನಗೆ ಮಾತ್ರ ಆಮೇಲೆ ಆ ಫ್ಯಾನಿನ ಕೆಳಗೆ ನಿದ್ದೆ ಬರಲಿಲ್ಲ.

ನಮ್ಮ ಕಡೆ ಇದೊಂದು ಪದ್ಧತಿ. ಜಮೀನಿಗೆ ಬೆಲೆ ಬರುವ ಸೂಚನೆ ಕಂಡಕೂಡಲೇ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದ ಹಾಗೆ ನೋಂದಣಿ ಕಚೇರಿಗೆ ಕರೆಯುತ್ತಾರೆ. ಸಹಿ ಹಾಕಿಸಿ, ಸೀರೆ ಕೊಟ್ಟು, ಮಡಿಲು ತುಂಬಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನಿಸಿ ಬಸ್ಸು ಹತ್ತಿಸುತ್ತಾರೆ. ನನ್ನ ನೆನಪಿನಲ್ಲಿ ಅಕ್ಕನದು ಹಸಿರು ರೇಷ್ಮೆ ಸೀರೆ. ಅವಳು ನಗುತ್ತಲೇ ಸಹಿ ಹಾಕಿದಳು. ಆಮೇಲೆ ಎಂದೂ ಒಂದು ಮಾತೂ ಕೇಳಲಿಲ್ಲ. ಬಂಧುಗಳ ನಡುವೆ ನಾನು ಹೆಮ್ಮೆಯಿಂದ ಹೇಳುತ್ತಿದ್ದ ವಾಕ್ಯವೇ ಅದು: ನಮ್ಮಕ್ಕ ಒಂದು ದಿನವೂ ಕೇಳಿದವಳಲ್ಲ.

ಸವಿತಾಳಿಗೆ ಅರ್ಧ ಅಕ್ಕನಿಗೆ ಕೊಡೋಣ ಎಂದೆ. ಅವಳು ಚೀಟಿಯ ಹಿಂದೆ ಏನೋ ಗೀಚಿ, "ಹಾಗಾದ್ರೆ ಡಬ್ಲಿನ್ನಲ್ಲಿ ಎರಡು ಬೆಡ್‌ರೂಮು ಬೇಡ, ಒಂದು ಸಾಕು. ಅಕ್ಕಂಗೆ ಕೊಡಿ ಅಂತ ಮೊದಲ್ನೇ ದಿನದಿಂದ ಹೇಳ್ತಿದ್ನಲ್ರೀ," ಎಂದಳು. ಹೇಳಿದ್ದಳೇ? ನೆನಪಿಲ್ಲ.

ಹೂಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಪೀಣ್ಯದಲ್ಲಿ ಇಳಿದು ರಾಜಗೋಪಾಲನಗರಕ್ಕೆ ನಡೆದೆ. ಅಕ್ಕನ ಮನೆ ಒಂದು ಪ್ರೆಸ್ ಶಾಪಿನ ಮೇಲಿದೆ. ಕೆಳಗಿನ ಯಂತ್ರ ತಗಡನ್ನು ಗುದ್ದಿದಾಗಲೆಲ್ಲ ಮೇಲೆ ಲೋಟಗಳು ಸಣ್ಣಗೆ ನಡುಗುತ್ತವೆ. ಅವಳು ನೆಲದ ಮೇಲೆ ಕುಳಿತು, ಯಾವುದೋ ಕಾರ್ಖಾನೆಗೆ ಹೋಗುವ ರಬ್ಬರ್ ಉಂಗುರಗಳ ಅಂಚಿನ ಹೆಚ್ಚುವರಿ ಎಳೆಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದಳು. ಭಾವ ಹೋದಮೇಲೆ ಮನೆಯಲ್ಲೇ ಮಾಡುವ ಕೆಲಸ ಇದು.

"ಬಾ ಸೀನ. ಫಾರಿನ್‌ಗೆ ಓಗೋರು ನೆಲದ್ ಮ್ಯಾಲೆ ಕುಂತ್ಕಂತೀರಾ?"

ಕುಳಿತೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ ಬಂದೀತೆಂದು ನಾನೂ ಒಂದು ಬ್ಲೇಡು ತೆಗೆದುಕೊಂಡೆ.

"ಅಂಗಲ್ಲ ಕಣೋ, ಒಳಗ್ಲಿಂದ ಕೆರಿ. ಉಂಗ್ರ ಕುಯ್ದೋದ್ರೆ ಕಾಸು ಇಡ್ಕಂತಾರೆ. ಪಾಠ ಯೋಳಿದಂಗಲ್ಲ ಇದು."

ಮೂರು ಉಂಗುರ ಕೆಡಿಸಿದ ಮೇಲೆ ಹೇಳಿದೆ. "ಅಕ್ಕ, ಹೂಡಿ ಜಾಗ ಮಾರಿದ್ದರಲ್ಲಿ ಅರ್ಧ ನಿಂದು. ಕೊಟ್ಟೇ ಹೋಗ್ತೀನಿ. ನೀನು ಒಂದು ದಿನಾನೂ ಕೇಳ್ಲಿಲ್ಲ."

ಅವಳು ಕೆಲಸ ನಿಲ್ಲಿಸಲಿಲ್ಲ. "ಕೇಳಿದ್ದೆ ಕಣೋ."

"ಯಾವಾಗ?"

"ನಿಮ್ ಭಾವಂಗೆ ಕಿಡ್ನಿ ಕೆಟ್ಟು ವಾರಕ್ಕೆಲ್ಡು ಸಲ ರಕ್ತ ಶುದ್ಧಿ ಮಾಡುಸ್ಬೇಕು ಅಂದಿದ್ರಲ್ಲ, ಅವಾಗ. ಹೂಡಿಗೇ ಬಂದಿದ್ದೆ. ನೀನು ರೂಮ್ಗೊಳಿಗೆ ಬಣ್ಣ ಒಡುಸ್ತಿದ್ದೆ. ಈಗ ಕೈ ಬಿಗಿ ಅಕ್ಕ, ಈ ಮಳೆಗಾಲ ಕಳೀಲಿ, ನೋಡಾಣ ಅಂದೆ."

"ಆಮೇಲೆ?"

"ಆಮೇಲೆ ಏನು, ಮಳೆಗಾಲ ಕಳೀತು."

ಕಳೆಯುವ ಮೊದಲೇ ಭಾವ ತೀರಿಕೊಂಡಿದ್ದರು. ಅದು ನನಗೆ ಗೊತ್ತು. ಆ ದಿನಗಳಲ್ಲಿ ಪ್ರತಿ ಭಾನುವಾರ ಮೂಸಂಬಿ ಹಿಡಿದು ಅವರನ್ನು ನೋಡಲು ಹೋಗುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಹಣ್ಣಿನ ಸಿಪ್ಪೆಯ ವಾಸನೆಯೂ ನೆನಪಿದೆ. ರೂಮುಗಳಿಗೆ ಹೊಡೆಸಿದ ಬಣ್ಣ ನೆನಪಿದೆ, ಪಿಸ್ತಾ ಹಸಿರು. ಬಣ್ಣದ ಡಬ್ಬಗಳ ಪಕ್ಕದಲ್ಲಿ ಅಕ್ಕ ನಿಂತಿದ್ದದ್ದು ಮಾತ್ರ ಇಲ್ಲ. ಎಷ್ಟು ತಡಕಿದರೂ ಆ ಜಾಗದಲ್ಲಿ ಒಂದು ಏಣಿ ಒರಗಿದೆ.

"ಆ ಹಸಿರು ಸೀರೆ…" ಎಂದೆ, ಏನಾದರೂ ಒಂದು ನನ್ನ ಕಡೆಗಿರಲಿ ಎಂದು.

"ಯಾವ್ ಸೀರೆ? ಕೊಟ್ಟಿದ್ದು ಬ್ಲೌಸ್ ಪೀಸು. ಸೀರೆ ಗೌರಿ ಹಬ್ಬಕ್ಕೆ ಅಂದಿದ್ರು ಅಪ್ಪ." ಅವಳು ನಕ್ಕಳು. "ದೋಸೆ ತಿನ್ಸಿದ್ದು ಮಾತ್ರ ದಿಟ."

ನೆನಪನ್ನೇ ನಂಬದವನಿಗೆ ಇಲ್ಲಿ ಒಂದು ದಾರಿಯಿತ್ತು. ನನ್ನ ನೆನಪು ಕಟ್ಟಿದ್ದಾದರೆ ಅವಳದೂ ಕಟ್ಟಿದ್ದೇ ಇರಬಹುದಲ್ಲವೇ? ತರಗತಿಯಲ್ಲಾದರೆ ಈ ವಾದಕ್ಕೆ ಹುಡುಗರು ತಲೆದೂಗುತ್ತಿದ್ದರು. ಅದು ನನಗೆ ತೀರ ಅನುಕೂಲವಾಗಿತ್ತು. ಅನುಕೂಲವಾಗಿದ್ದ ಕಾರಣಕ್ಕೇ ಕೈಬಿಟ್ಟೆ. ಹಸಿರು ಸೀರೆಯನ್ನು ನಾನು ಆ ರೂಮುಗಳ ಗೋಡೆಯ ಬಣ್ಣದಿಂದಲೇ ನೇಯ್ದಿರಬೇಕು. ಇಷ್ಟು ವರ್ಷ ಅವಳಿಗೆ ಉಡಿಸಿಕೊಂಡೇ ಬಂದಿದ್ದೆ.

ಅಕ್ಕ ಕೈ ಒರೆಸಿಕೊಂಡು ಎದ್ದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಪಾಸ್‌ಬುಕ್ ತಂದು ಮುಂದಿಟ್ಟಳು.

"ಆಕು. ಬ್ಯಾಡ ಅನ್ನಕ್ಕೆ ನಾನೇನು ಅಂಥ ದೊಡ್ ಮನ್ಸಿನೋಳಲ್ಲ. ಆದ್ರೆ ಪ್ರೀತಿ ವಿಶ್ವಾಸ ಅಂತ ಮಾತ್ರ ಬರೀಬ್ಯಾಡ."

"ಮತ್ತೇನು ಬರೀಲಿ?"

"ಪಾಲು ಅಂತ ಬರಿ."

ಮರುದಿನ ಬ್ಯಾಂಕಿನಲ್ಲಿ ಕುಳಿತು ಅವಳ ಹೆಸರನ್ನು ನನ್ನ ಫೋನಿನ ಬ್ಯಾಂಕ್ ಆ್ಯಪಿಗೆ ಹೊಸದಾಗಿ ಸೇರಿಸಬೇಕಾಯಿತು. ನಾನು ಹಣ ಕಳಿಸುತ್ತಿದ್ದವರ ಪಟ್ಟಿ ಉದ್ದವಾಗಿಯೇ ಇತ್ತು. ಹಾಲಿನವನಿದ್ದ, ಕೇಬಲ್‌ನವನಿದ್ದ, ಎಂದೋ ಸತ್ತುಹೋದ ಪ್ಲಂಬರ್ ಕೂಡ ಇದ್ದ. ದೊಡ್ಡ ಮೊತ್ತವಾದ್ದರಿಂದ ಮೊದಲು ಒಂದು ರೂಪಾಯಿ ಹಾಕಿ, ಸರಿಯಾದ ಖಾತೆಗೇ ಹೋಯಿತೇ ನೋಡೋಣ ಎಂದಳು ಅಧಿಕಾರಿ. ಈಗ ಎಲ್ಲರೂ ಹೀಗೇ ಮಾಡುವುದು. ಹಾಕಿದ ಎರಡೇ ನಿಮಿಷಕ್ಕೆ ಅಕ್ಕನ ಫೋನು ಬಂತು.

"ಏನೋ ಸೀನ, ಒಂದ್ರುಪಾಯಿ ಬಂದದೆ! ಇಷ್ಟೇನಾ ಅಪ್ಪನ ಆಸ್ತಿ?"

ಅವಳು ನಕ್ಕಳು, ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಆ ಒಂದು ರೂಪಾಯಿಗೆ. ಫೋನಿಟ್ಟು, ಅರ್ಧ ಹಣ ಕಳಿಸುವ ಫಾರಂ ತುಂಬಿ, ಷರಾ ಎಂಬಲ್ಲಿ 'ಪಾಲು' ಎಂದು ಬರೆದು ಸಹಿ ಮಾಡಿದೆ. ಅದು ಅರ್ಧ ಗಂಟೆಯಲ್ಲಿ ಹೋಯಿತು. ತಲುಪಿದೆ ಎಂದು ಬ್ಯಾಂಕಿನ ಸಂದೇಶ ಬಂತು.

ಅಕ್ಕನ ಫೋನು ಬರಲಿಲ್ಲ.

ಸಂಜೆಯವರೆಗೂ ಫೋನನ್ನು ಕೈಯಲ್ಲೇ ಹಿಡಿದು ಸೂಟ್‌ಕೇಸುಗಳ ನಡುವೆ ಓಡಾಡಿದೆ. ಬಂತೇ ಎಂದು ನಾನೇ ಕೇಳಬಹುದಿತ್ತು. ಎರಡು ಸಲ ಅವಳ ಹೆಸರು ತೆಗೆದು, ಮತ್ತೆ ಮುಚ್ಚಿದೆ. ನಾನು ಅಷ್ಟು ಹೊತ್ತು ಕಾಯುತ್ತಿದ್ದದ್ದು ಅವಳ ದನಿಗಲ್ಲ, ಒಂದು ಒಳ್ಳೆಯ ಮಾತಿಗೆ ಎಂದು ಆಗ ಹೊಳೆಯಿತು. ಮೂಸಂಬಿ ತಂದವರಿಗೆ ಹೇಳುತ್ತಾರಲ್ಲ, ಅಂಥದ್ದು. ತನ್ನದನ್ನು ತಾನು ಪಡೆದವರು ಯಾರಿಗೆ ಏನು ಹೇಳಬೇಕು? ಅದೂ ಇಷ್ಟು ತಡವಾಗಿ?

"ಯಾರ ಫೋನಿಗೆ ಕಾಯ್ತಿದೀರಿ?" ಎಂದಳು ಸವಿತಾ.

"ಯಾರದ್ದೂ ಇಲ್ಲ," ಎಂದು ಫೋನನ್ನು ಚಾರ್ಜಿಗೆ ಹಾಕಿ, ಸೂಟ್‌ಕೇಸು ತೂಗಲು ಅವಳೊಂದಿಗೆ ಕೈ ಜೋಡಿಸಿದೆ.